ಪೊದೆಯ ಬುಡದ ಇರುವೆಗಳು

ಒಣನಾಡಿನಲ್ಲಿ ಯಾವ ಇರುವೆ ಎಲ್ಲಿ ಬಾಳಬೇಕು ಎಂಬುದನ್ನು ಬಹುಮಟ್ಟಿಗೆ ಪೊದೆಗಳು ತೀರ್ಮಾನಿಸುತ್ತವೆ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಸುತ್ತಮುತ್ತಲೂ, ಅಲ್ಲಿಂದಾಚೆ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗೋಮಾಳ, ಬೀಳು, ಗುಡ್ಡದ ತಪ್ಪಲುಗಳಲ್ಲೂ ನೆಲ ಒಂದೇ ಸಮನೆ ಹಸಿರಾಗಿರುವುದಿಲ್ಲ. ಇಲ್ಲೊಂದು ತಂಗಡಿ ಗಿಡ, ಹತ್ತು ಮಾರು ಆಚೆ ಒಂದು ಕವಳೆ ಮೆಳೆ, ಅದರ ಪಕ್ಕಕ್ಕೆ ಕಾರೆ, ಎಲಚಿ, ಬಂದರೆ ಗಿಡಗಳು. ಇವುಗಳ ನಡುವೆ ಗರಸು ತುಂಬಿದ ಬರಿಯ ಕೆಂಪು ನೆಲ. ದಾರಿಹೋಕರ ಕಣ್ಣಿಗೆ ಇದು ಬರಡು. ಮಂಡಿಯೂರಿ ಕುಳಿತು ನೆಲವನ್ನೇ ನೋಡಿದವರಿಗೆ ಮಾತ್ರ ಒಂದೊಂದು ಪೊದೆಯ ಬುಡದಲ್ಲೂ ಬೇರೆ ಹವೆ, ಬೇರೆ ಮಣ್ಣು, ಬೇರೆ ಆಹಾರ, ಬೇರೆ ನೆರೆಹೊರೆ ಇರುವುದು ತಿಳಿಯುತ್ತದೆ.

ಕಟ್ಟುನಿಟ್ಟಾಗಿ ಹೇಳಿದರೆ ಈ ಸೀಮೆ ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡನ್ನು ಮರುಭೂಮಿ ಎಂದು ಕರೆಯುವುದು ವಾಡಿಕೆ. ಶಿರಾ, ಪಾವಗಡಗಳ ಕಡೆ ಅದರ ಎರಡರಷ್ಟು, ಸುಮಾರು 500ರಿಂದ 600 ಮಿಲಿಮೀಟರ್ ಮಳೆಯಾಗುತ್ತದೆ. ಆದರೆ ಅದರ ಬಹುಪಾಲು ಆಗಸ್ಟಿನಿಂದ ಅಕ್ಟೋಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲಿನದೇ ಆಳ್ವಿಕೆ. ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಉಂಟಾದದ್ದು, ತೆಳು, ಮರಳು ಮಿಶ್ರಿತ, ನೀರನ್ನು ಹೆಚ್ಚು ಹೊತ್ತು ಹಿಡಿದಿಡಲಾರದ್ದು. ಹೀಗಾಗಿ ಮರುಭೂಮಿಯಲ್ಲಿ ಪೊದೆಗೂ ಇರುವೆಗೂ ಇರುವ ಸಂಬಂಧದ ಮುಖ್ಯ ಲಕ್ಷಣಗಳೆಲ್ಲ ಈ ಬಯಲುಸೀಮೆಯಲ್ಲೂ ಕಾಣಸಿಗುತ್ತವೆ. ಜಗತ್ತಿನ ಬೇರೆ ಬೇರೆ ಒಣನಾಡುಗಳಲ್ಲಿ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳನ್ನು ಇಲ್ಲಿನ ಗಿಡ, ಇಲ್ಲಿನ ಇರುವೆಗಳ ಜೊತೆಗಿಟ್ಟು ನೋಡಲು ಸಾಧ್ಯವಾಗುವುದು ಇದರಿಂದಲೇ.

ಮೊದಲ ಸಂಗತಿ ಬಿಸಿಲು. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಗಾಳಿಯ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬರಿನೆಲದ ಮೇಲ್ಮೈ 60 ಡಿಗ್ರಿ ಮುಟ್ಟುವುದುಂಟು. ಮನುಷ್ಯನ ಮುಖಕ್ಕೆ ತಾಗುವ ಗಾಳಿ ನೆಲದಿಂದ ನಾಲ್ಕೈದು ಅಡಿ ಮೇಲಿನದು; ಇರುವೆ ನಡೆದಾಡುವುದು ನೆಲದಿಂದ ಕೆಲವೇ ಮಿಲಿಮೀಟರ್ ಎತ್ತರದ, ಅತ್ಯಂತ ಕಾದ ಪದರದಲ್ಲಿ. ಅಲ್ಲಿ ಕ್ಷಣಾರ್ಧದಲ್ಲಿ ಮೈ ಕಾಯುತ್ತದೆ, ಮೈಯ ನೀರು ಆರುತ್ತದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಮೇಲ್ಮೈ ಹೆಚ್ಚು, ಆದ್ದರಿಂದ ಸಣ್ಣ ಇರುವೆಗಳಿಗೆ ಅಪಾಯವೂ ಹೆಚ್ಚು. ಇದೇ ಹೊತ್ತಿನಲ್ಲಿ ದಟ್ಟವಾದ ಕವಳೆ ಮೆಳೆಯೊಂದರ ನೆರಳಿನಲ್ಲಿ ನೆಲದ ಮೇಲ್ಮೈ ಬಯಲಿಗಿಂತ ಎಷ್ಟೋ ತಂಪು. ಬಯಲಿನಲ್ಲಿ ಬೆಳಗ್ಗೆ ಒಂಬತ್ತು ಹತ್ತಕ್ಕೆಲ್ಲ ಇರುವೆಗಳ ಓಡಾಟ ನಿಂತರೆ, ಪೊದೆಯಡಿ ಅದು ಮಧ್ಯಾಹ್ನದವರೆಗೂ ಸಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ತಾಸು ಹೆಚ್ಚು ದುಡಿಯಲು ಸಿಕ್ಕುವ ಗೂಡಿಗೂ ಸಿಗದ ಗೂಡಿಗೂ ಇರುವ ಅಂತರ ಸಣ್ಣದೇನಲ್ಲ.

ಎಲ್ಲ ಇರುವೆಗಳೂ ನೆರಳನ್ನೇ ಅರಸುತ್ತವೆ ಎಂದೂ ತಿಳಿಯಬಾರದು. ಸಹಾರಾ ಮರುಭೂಮಿಯ ಬೆಳ್ಳಿ ಇರುವೆ, ಕ್ಯಾಟಗ್ಲಿಫಿಸ್ ಬಾಂಬಿಸೈನಾ, ಮೈಯ ಉಷ್ಣತೆ 50 ಡಿಗ್ರಿ ದಾಟಿದರೂ ತಡೆದುಕೊಳ್ಳುತ್ತದೆ. ಹಲ್ಲಿಗಳು ಬಿಸಿಲು ತಾಳಲಾರದೆ ಬಿಲ ಸೇರಿದ ಮೇಲೆ ಹೊರಬಿದ್ದು, ಬಿಸಿಲಿಗೆ ಬಲಿಯಾದ ಹುಳುಗಳನ್ನು ಹೆಕ್ಕಿ ಮರಳುವುದು ಅದರ ವಿಧಾನ. ಸ್ವಿಟ್ಸರ್ಲೆಂಡಿನ ರೂಡಿಗರ್ ವೆನರ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಇಂಥ ಇರುವೆಗಳೂ ದಾರಿಯಲ್ಲಿ ಸಿಕ್ಕ ಒಣಕಡ್ಡಿಯನ್ನೋ ಹುಲ್ಲಿನ ದಂಟನ್ನೋ ಹತ್ತಿ, ನೆಲದ ಕಾವಿನಿಂದ ತುಸು ಮೇಲೆ ನಿಂತು, ಮೈ ತಣಿಸಿಕೊಂಡು ಮುಂದೆ ಹೋಗುತ್ತವೆ. ಬಿಸಿಲನ್ನೇ ಬಂಡವಾಳ ಮಾಡಿಕೊಂಡ ಇರುವೆಗೂ ಗಿಡದ ಒಂದು ಕಡ್ಡಿಯ ಹಂಗು ತಪ್ಪಿದ್ದಲ್ಲ.

ತುಮಕೂರು ಜಿಲ್ಲೆಯ ಬಯಲಿನಲ್ಲಿ ಇದೇ ಸಮಸ್ಯೆಗೆ ಬೇರೆ ಬೇರೆ ಪರಿಹಾರಗಳು ಕಾಣುತ್ತವೆ. ಎಲ್ಲರಿಗೂ ಪರಿಚಯವಿರುವ ದೊಡ್ಡ ಕರಿ ಗೊದ್ದ, ಕ್ಯಾಂಪೊನೋಟಸ್ ಕಂಪ್ರೆಸಸ್, ಬೇಸಿಗೆಯಲ್ಲಿ ಹಗಲನ್ನು ಬಿಟ್ಟುಕೊಟ್ಟು ಸಂಜೆಯಿಂದ ಬೆಳಗಿನವರೆಗೆ ದುಡಿಯುತ್ತದೆ. ಅದರ ಗೂಡು ಸಾಮಾನ್ಯವಾಗಿ ಮರ ಅಥವಾ ಪೊದೆಯ ಬುಡದಲ್ಲೇ ಇರುತ್ತದೆ. ಅದೇ ಕುಲದ ಇನ್ನೊಂದು ಜಾತಿ, ಹಿಂಭಾಗದ ಮೇಲೆ ಹೊಂಬಣ್ಣದ ರೇಷ್ಮೆಯಂಥ ರೋಮಗಳಿರುವ ಕ್ಯಾಂಪೊನೋಟಸ್ ಸೆರಿಸಿಯಸ್, ಹಗಲಿನಲ್ಲೇ ಬಯಲಿನಲ್ಲಿ ಓಡಾಡುತ್ತದೆ. ಅದು ಸಾಲುಗಟ್ಟುವುದಿಲ್ಲ, ಆಹಾರ ಕಂಡ ಇರುವೆ ಗೂಡಿಗೆ ಹೋಗಿ ಒಂದೇ ಒಂದು ಸಂಗಾತಿಯನ್ನು ಕರೆತರುತ್ತದೆ. ಹಿಂದಿನದು ಮುಂದಿನದರ ಮೈಯನ್ನು ಮೀಸೆಯಿಂದ ತಟ್ಟುತ್ತಾ ಬೆನ್ನಿಗಂಟಿ ನಡೆಯುತ್ತದೆ, ತಟ್ಟುವುದು ನಿಂತರೆ ಮುಂದಿನದು ನಿಂತು ಕಾಯುತ್ತದೆ. ಕಾದ ನೆಲದ ಮೇಲೆ ನೂರಾರು ಇರುವೆಗಳನ್ನು ಒಟ್ಟಿಗೆ ಹೊರಡಿಸುವುದಕ್ಕಿಂತ ಇದು ಒಳ್ಳೆಯ ಉಪಾಯ.

ನೆರಳಿನಷ್ಟೇ ಮುಖ್ಯವಾದದ್ದು ಪೊದೆ ತನ್ನ ಕಾಲಡಿ ಕೂಡಿಸುವ ಮಣ್ಣು. ಬೇಸಿಗೆಯ ಗಾಳಿ ಬಯಲಿನ ಮೇಲಿನ ನುಣುಪು ಮಣ್ಣನ್ನೂ ತರಗೆಲೆಯನ್ನೂ ಹುಲ್ಲಿನ ಬೀಜವನ್ನೂ ಎತ್ತಿಕೊಂಡು ಬರುತ್ತದೆ. ಪೊದೆಗೆ ಬಡಿದಾಗ ಅದರ ವೇಗ ಕುಂದಿ ಹೊತ್ತದ್ದೆಲ್ಲ ಅಲ್ಲೇ ಬೀಳುತ್ತದೆ. ಮಳೆಯ ನೀರು ಹರಿದುಬರುವಾಗಲೂ ಹಾಗೆಯೇ. ಗಿಡದ ಎಲೆ ಉದುರಿ ಕೊಳೆಯುತ್ತದೆ, ಹಕ್ಕಿಗಳು ಕೂತು ಹಿಕ್ಕೆ ಹಾಕುತ್ತವೆ, ಕುರಿಮೇಕೆ ನೆರಳಿಗೆ ನಿಂತು ಗೊಬ್ಬರ ಬಿಡುತ್ತವೆ. ಕೆಲವು ವರ್ಷಗಳಲ್ಲಿ ಬುಡದ ಸುತ್ತ ಒಂದು ಸಣ್ಣ ದಿಬ್ಬವೇ ಎದ್ದು, ಸಾರಜನಕ ಮತ್ತು ಸಾವಯವ ಅಂಶ ಬಯಲಿಗಿಂತ ಹೆಚ್ಚಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದ ಒಣ ಹುಲ್ಲುಗಾವಲು ಪೊದೆಗಾಡಾಗಿ ಬದಲಾದುದನ್ನು ಅಭ್ಯಾಸ ಮಾಡಿದ ವಿಲಿಯಂ ಶ್ಲೆಸಿಂಜರ್ ಮತ್ತು ಇತರರು 1990ರಲ್ಲಿ ಬರೆದ ಲೇಖನದಿಂದ ಇಂಥ ಬುಡಗಳಿಗೆ ‘ಫಲವತ್ತಿನ ದ್ವೀಪ’ಗಳೆಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂತು. ಅವರ ವಾದಕ್ಕೆ ಒಂದು ಕಹಿ ಮುಖವೂ ಇದೆ: ದ್ವೀಪ ಫಲವತ್ತಾಗುವುದು ನಡುವಿನ ಬಯಲು ಬಡವಾಗುವುದರಿಂದ.

ಗೂಡು ಕಟ್ಟುವ ಇರುವೆಗೆ ಈ ಮಣ್ಣು ಹೇಳಿ ಮಾಡಿಸಿದಂತಿರುತ್ತದೆ. ಬಯಲಿನ ಮೇಲ್ಮೈ ಮಳೆಹನಿಯ ಹೊಡೆತಕ್ಕೆ ಹೆಪ್ಪುಗಟ್ಟಿ, ಒಣಗಿದ ಮೇಲೆ ಹಂಚಿನಂತೆ ಗಡುಸಾಗುತ್ತದೆ. ಪೊದೆಯಡಿ ಎಲೆಗಳು ಹನಿಯ ಹೊಡೆತವನ್ನು ತಡೆಯುವುದರಿಂದ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ, ನೀರು ಬೇಗ ಇಂಗುತ್ತದೆ, ತೇವ ಹೆಚ್ಚು ದಿನ ನಿಲ್ಲುತ್ತದೆ. ಬೇರುಗಳ ಹೆಣಿಗೆ ಒಳಗಿನ ಕೋಣೆಗಳ ಮಾಡು ಕುಸಿಯದಂತೆ ಹಿಡಿಯುತ್ತದೆ. ಸತ್ತ ಬೇರು ಕೊಳೆತರೆ ಸಿದ್ಧವಾದ ಸುರಂಗವೇ ಸಿಗುತ್ತದೆ. ಒಂದೆರಡು ಅಡಿ ಆಳದಲ್ಲಿ ಹಗಲು ರಾತ್ರಿಯ ಉಷ್ಣತೆಯ ಏರಿಳಿತ ತೀರ ಕಡಿಮೆ. ಇರುವೆಗಳು ಮೊಟ್ಟೆ, ಮರಿಹುಳು, ಕೋಶಗಳನ್ನು ಬೇಕಾದ ಕಾವು ಇರುವ ಕೋಣೆಗೆ ಮೇಲೆ ಕೆಳಗೆ ಸಾಗಿಸುತ್ತಲೇ ಇರುತ್ತವೆ. ಬೆಳಗಿನ ಬಿಸಿಲು ತಾಗಿ ಮಧ್ಯಾಹ್ನದ ಬಿಸಿಲು ತಾಗದ ಪೊದೆಯ ಅಂಚು ಈ ಕೆಲಸಕ್ಕೆ ಅನುಕೂಲವಾದ ಜಾಗ. ಗೂಡಿನ ಬಾಯಿ ಹುಡುಕುವವರು ಕಾಂಡದ ಬುಡಕ್ಕಿಂತ ಮೊದಲು ಕೊಂಬೆಗಳ ನೆರಳು ಮುಗಿಯುವ ಗೆರೆಯ ಸುತ್ತ ಹುಡುಕುವುದು ಲೇಸು.

ತರಗಿನ ಹಾಸು ಇನ್ನೊಂದು ಜರಡಿಯಂತೆ ಕೆಲಸ ಮಾಡುತ್ತದೆ. ಅದು ಇರುವೆಗಳನ್ನು ಗಾತ್ರದ ಮೇಲೆ ಬೇರ್ಪಡಿಸುತ್ತದೆ. ಬರಿನೆಲದಲ್ಲಿ ಉದ್ದ ಕಾಲಿನ ಇರುವೆಗೆ ಲಾಭ: ಹೆಜ್ಜೆ ದೊಡ್ಡದು, ಮೈ ನೆಲದ ಕಾವಿನಿಂದ ಮೇಲಿರುತ್ತದೆ. ಉದುರೆಲೆಗಳ ಸಂದುಗೊಂದಿನಲ್ಲಿ ಅದೇ ಕಾಲುಗಳು ತೊಡಕು. ಎರಡು ಮಿಲಿಮೀಟರ್ ಉದ್ದದ ಮಾನೊಮೋರಿಯಂ ಕುಲದ ಇರುವೆ ಎಲೆಯ ಕೆಳಗಿನ ಸಂದಿನಲ್ಲೇ ನುಸುಳಿ ಹೋಗುತ್ತದೆ. ಗೊದ್ದ ಪ್ರತಿ ಎಲೆಯನ್ನೂ ಹತ್ತಿ ಇಳಿಯಬೇಕು. ದೇಹ ಚಿಕ್ಕದಾದಂತೆ ಲೋಕ ಹೆಚ್ಚು ಒರಟಾಗುತ್ತದೆ, ಆದ್ದರಿಂದ ದೊಡ್ಡ ಇರುವೆಗಳಿಗೆ ಕಾಲು ಅನುಪಾತಕ್ಕೆ ಮೀರಿ ಉದ್ದ ಎಂಬ ವಿಚಾರವನ್ನು ಮೈಕೆಲ್ ಕ್ಯಾಸ್ಪರಿ ಮತ್ತು ಮೈಕೆಲ್ ವೈಸರ್ 1999ರಲ್ಲಿ ಮಂಡಿಸಿದರು. ಪೊದೆಯಡಿ ಸಣ್ಣ ಜಾತಿಗಳಿಗೆ ಆಸರೆ, ಬಯಲಿನಲ್ಲಿ ಉದ್ದಗಾಲಿನ ಜಾತಿಗಳಿಗೆ ಅನುಕೂಲ ಎಂಬ ಹಂಚಿಕೆಗೆ ಇದು ಒಂದು ಕಾರಣ. ತರಗಿನಲ್ಲಿ ಬೂಸು, ಅದನ್ನು ತಿನ್ನುವ ಸೂಕ್ಷ್ಮ ಕೀಟಗಳು, ಗೆದ್ದಲು, ಜೇಡ ಎಲ್ಲವೂ ಇರುವುದರಿಂದ ಬೇಟೆಗಾರ ಇರುವೆಗಳೂ ಅಲ್ಲಿಗೆ ಬರುತ್ತವೆ.

ಆ ಬೇಟೆಗಾರರಲ್ಲಿ ಡಯಕಮ್ಮಾ ಕುಲದ ಕಪ್ಪು ಇರುವೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅರ್ಧ ಅಂಗುಲದಷ್ಟು ಉದ್ದ, ಮೈತುಂಬ ಗೀರು. ಒಂಟಿಯಾಗಿ ಅಲೆದು ಗೆದ್ದಲನ್ನೂ ಸಣ್ಣ ಕೀಟಗಳನ್ನೂ ಹಿಡಿಯುತ್ತದೆ. ಗೂಡಿನ ಬಾಯಿಯ ಸುತ್ತ ಹಕ್ಕಿಯ ಪುಕ್ಕ, ಒಣಕಡ್ಡಿ, ಸತ್ತ ಇರುವೆಗಳ ಒಣ ದೇಹ ಇವನ್ನು ಒಟ್ಟುವುದು ಅದರ ರೂಢಿ. ಮಾರ್ಕ್ ಮಾಫೆಟ್ ಎಂಬ ಅಮೆರಿಕದ ಕೀಟವಿಜ್ಞಾನಿ ಭಾರತದಲ್ಲಿ ಇದನ್ನು ಗಮನಿಸಿ 1985ರಲ್ಲಿ ಇದರ ಗುಟ್ಟನ್ನು ಪ್ರಕಟಿಸಿದರು. ಒಣಕಾಲದ ಮುಂಜಾವದಲ್ಲಿ ಪುಕ್ಕದ ಎಳೆಗಳ ಮೇಲೆ ಇಬ್ಬನಿ ಹನಿಗಟ್ಟುತ್ತದೆ. ಇರುವೆಗಳು ಹೊರಬಂದು ಆ ಹನಿಗಳನ್ನು ದವಡೆಗಳ ನಡುವೆ ಹಿಡಿದು ಒಳಗೆ ಒಯ್ಯುತ್ತವೆ. ಮಳೆ ಬಂದು ತಿಂಗಳುಗಳೇ ಕಳೆದ ನೆಲದಲ್ಲಿ ಒಂದು ಗೂಡು ನೀರು ಸಂಪಾದಿಸುವ ಬಗೆ ಇದು. ಹಕ್ಕಿ ಕೂರುವ ಪೊದೆ ಹತ್ತಿರವಿದ್ದರೆ ಪುಕ್ಕಕ್ಕೆ ಅಲೆಯಬೇಕಾಗಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನು ಆಹಾರ. ತಂಗಡಿಯ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಅದು ದುಂಬಿಗಳಿಗೆ ಕೊಡುವುದು ಪರಾಗ ಮಾತ್ರ. ಸಿಹಿ ಇರುವುದು ಎಲೆಯಲ್ಲಿ. ಎಲೆಯ ನಡುದಂಟನ್ನು ಬೆಳಕಿಗೆ ಹಿಡಿದು ನೋಡಿದರೆ ಪ್ರತಿ ಜೊತೆ ಕಿರುಎಲೆಗಳ ನಡುವೆ ನೆಟ್ಟಗೆ ನಿಂತ, ಸೂಜಿಮೊನೆಯಷ್ಟು ಸಣ್ಣ ಗ್ರಂಥಿಯೊಂದು ಕಾಣುತ್ತದೆ. ಎಳೆಯ ಎಲೆಗಳಲ್ಲಿ ಅದರ ತುದಿ ಒದ್ದೆಯಾಗಿ ಮಿನುಗುತ್ತದೆ. ಇರುವೆಯೊಂದು ದಂಟಿನುದ್ದಕ್ಕೂ ನಡೆದು, ಒಂದೊಂದು ಗ್ರಂಥಿಯ ಬಳಿಯೂ ನಿಂತು, ಮೀಸೆಯಿಂದ ತಡವಿ, ನೆಕ್ಕಿ, ಮುಂದಿನದಕ್ಕೆ ಹೋಗುತ್ತದೆ. ಎಲೆಯ ತುದಿ ಮುಟ್ಟಿ ತಿರುಗಿ ಬರುವಾಗ ಅದೇ ಗ್ರಂಥಿಗಳನ್ನು ಮತ್ತೊಮ್ಮೆ ಪರೀಕ್ಷಿಸುತ್ತದೆ. ನಡುವೆ ಕಂಬಳಿಹುಳುವಿನ ಮರಿಯೋ ಮೊಟ್ಟೆಯೋ ಸಿಕ್ಕಿದರೆ ಬಿಡುವುದಿಲ್ಲ. ಗಿಡಕ್ಕೆ ಒಂದು ಹನಿ ಸಕ್ಕರೆ ನೀರಿನ ಖರ್ಚು, ಅದಕ್ಕೆ ಪ್ರತಿಯಾಗಿ ಎಳೆಯ ಎಲೆಗೆ ಕಾವಲು. ಜಾಲಿಯ ಎಲೆದಂಟಿನ ಮೇಲೂ, ಹೊಲದ ಅಂಚಿನ ಹರಳು ಗಿಡದ ಎಲೆತೊಟ್ಟಿನ ಮೇಲೂ, ಪಾಪಾಸುಕಳ್ಳಿಯ ಎಳೆ ಹಾಳೆಯ ಮುಳ್ಳುಬುಡದಲ್ಲೂ ಇಂಥ ಗ್ರಂಥಿಗಳಿವೆ. ಹೂ ಬಿಡದ ತಿಂಗಳುಗಳಲ್ಲೂ ಚಿಗುರಿದ್ದರೆ ಸಾಕು, ಇರುವೆಗೆ ಸಿಹಿ ಸಿಗುತ್ತದೆ.

ಎಕ್ಕದ ಗಿಡದಲ್ಲಿ ವ್ಯವಹಾರ ಮೂರು ಕೈಯದು. ಅದರ ಕುಡಿಗಳ ಮೇಲೆ ಹಳದಿ ಮೈ, ಕಪ್ಪು ಕಾಲಿನ ಹೇನು ದಟ್ಟವಾಗಿ ಕೂರುತ್ತದೆ. ಅದು ಗಿಡದ ರಸ ಹೀರಿ, ಮೈಗೆ ಬೇಡವಾದ ಸಕ್ಕರೆಯನ್ನು ಅಂಟುಹನಿಯಾಗಿ ಹೊರಬಿಡುತ್ತದೆ. ಜಾಲಿ, ಬಳ್ಳಾರಿ ಜಾಲಿಗಳ ಎಳೆಗೊಂಬೆಯಲ್ಲಿ ಮುಳ್ಳಿನಂತೆಯೇ ಕಾಣುವ ಕೊಂಬಿನ ತಿಗಣೆಜಾತಿಯ ಕೀಟಗಳು ಇದೇ ಕೆಲಸ ಮಾಡುತ್ತವೆ. ಗೊದ್ದಗಳು ಹಗಲಿರುಳು ಪಾಳಿಯಂತೆ ಅವುಗಳ ಸುತ್ತ ನಿಂತು, ಮೀಸೆಯಿಂದ ತಟ್ಟಿ ಹನಿಯನ್ನು ಪಡೆದು, ಹೊಟ್ಟೆ ಉಬ್ಬಿಸಿಕೊಂಡು ಕೆಳಗಿಳಿಯುತ್ತವೆ. ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಇಲ್ಲಿ ಗಿಡಕ್ಕೆ ಲಾಭವೋ ನಷ್ಟವೋ ಎಂಬುದು ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ: ರಸ ಹೀರುವವರು ಹೆಚ್ಚುತ್ತಾರೆ, ಎಲೆ ಮೇಯುವವರು ಕಡಿಮೆಯಾಗುತ್ತಾರೆ. ಇರುವೆಗಳ ಲೆಕ್ಕದಲ್ಲಿ ಮಾತ್ರ ಉತ್ತರ ಸ್ಪಷ್ಟ. ಸಕ್ಕರೆ ಒಂದೇ ಜಾಗದಲ್ಲಿ ದಿನವೂ ಸಿಗುವುದರಿಂದ ಅದನ್ನು ಕಾಯುವುದು ಲಾಭದಾಯಕ. ಕಾಯಬಲ್ಲ ದೊಡ್ಡ ಗೂಡಿನ, ಜಗಳಗಂಟಿ ಜಾತಿಗಳು ಪೊದೆಯನ್ನು ವಶಮಾಡಿಕೊಳ್ಳುತ್ತವೆ.

ಬಯಲಿನ ಆಹಾರದ ಸ್ವಭಾವವೇ ಬೇರೆ. ಅಲ್ಲಿ ಮುಖ್ಯ ಸರಕು ಹುಲ್ಲಿನ ಬೀಜ, ಅದೂ ಚದುರಿದಂತೆ. ಮಳೆಗಾಲ ಮುಗಿದು ಹಂಚಿಹುಲ್ಲು ಮತ್ತಿತರ ಹುಲ್ಲುಗಳು ತೆನೆ ಒಣಗಿಸಿದ ಮೇಲೆ ಬೀಜ ಕೂಡಿಡುವ ಇರುವೆಗಳ ಸುಗ್ಗಿ. ಟ್ರೈಕೊಮಿರ್ಮೆಕ್ಸ್ ಸ್ಕ್ಯಾಬ್ರಿಸೆಪ್ಸ್ ಎಂಬ ಜಾತಿ ಬಯಲಿನಲ್ಲಿ ಉದ್ದುದ್ದ ಹಾದಿ ಮಾಡಿಕೊಂಡು ಬೀಜ ಹೊತ್ತು ತರುತ್ತದೆ. ಗೂಡಿನ ಬಾಯಿಯ ಸುತ್ತ ಹೊಟ್ಟಿನ ರಾಶಿ ಬಳೆಯಾಕಾರದಲ್ಲಿ ಬೀಳುವುದರಿಂದ ಅದರ ಗೂಡನ್ನು ದೂರದಿಂದಲೇ ಗುರುತಿಸಬಹುದು. ಫೀಡೋಲೆ ಕುಲದ ಇರುವೆಗಳಲ್ಲಿ ದೊಡ್ಡ ತಲೆಯ ಆಳುಗಳೂ ಸಾಮಾನ್ಯ ಆಳುಗಳೂ ಬೇರೆಯಾಗಿರುತ್ತವೆ. ಆ ತಲೆಯ ತುಂಬ ಇರುವುದು ಬೀಜ ಒಡೆಯುವ ದವಡೆಯ ಸ್ನಾಯು. ಇರುವೆ ಕಾಳು ಕೂಡಿಡುತ್ತದೆ ಎಂಬ ಮಾತನ್ನು ಯೂರೋಪಿನ ವಿದ್ವಾಂಸರು ಕಟ್ಟುಕತೆ ಎಂದು ತಳ್ಳಿಹಾಕುತ್ತಿದ್ದ ಕಾಲದಲ್ಲಿ, 1830ರ ದಶಕದಲ್ಲಿ, ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಪುಣೆಯಲ್ಲಿ ಫೀಡೋಲೆ ಇರುವೆಗಳು ಮಳೆಗೆ ನೆನೆದ ಹುಲ್ಲುಬೀಜವನ್ನು ಹೊರತಂದು ಬಿಸಿಲಿಗೆ ಹರಡಿದ್ದನ್ನು ಕಂಡು ಬರೆದರು. ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು 1851ರಲ್ಲಿ ಪ್ರಕಟಿಸಿದ ಟಿ.ಸಿ. ಜೆರ್ಡನ್ ಕೂಡ ಬೀಜ ಹೊರುವ ಇರುವೆಗಳನ್ನು ಕಂಡವರೇ. ದಖ್ಖನಿನ ರೈತರಿಗೆ ಇದು ಆಗಲೂ ಹೊಸ ಸುದ್ದಿಯಾಗಿರಲಿಲ್ಲ. ಬಿತ್ತಿದ ಕಾಳನ್ನು ಇರುವೆ ಹೊತ್ತೊಯ್ಯದಂತೆ ಬೂದಿ ಬೆರೆಸುವುದು ಹೊಲದ ಹಳೆಯ ರೂಢಿ.

ಬೀಜದ ಇರುವೆ ಬಯಲಿನಲ್ಲಿದ್ದರೂ ಪೊದೆಯನ್ನು ಮರೆಯುವಂತಿಲ್ಲ. ಗಾಳಿಯಲ್ಲಿ ಉರುಳಿಬಂದ ಬೀಜಗಳು ಹೆಚ್ಚಾಗಿ ನಿಲ್ಲುವುದು ಪೊದೆಯ ಬುಡದಲ್ಲಿ. ಅವನ್ನು ಹೊತ್ತು ತರುವಾಗ ದಾರಿಯಲ್ಲಿ ಬೀಳುವ, ಹೊಟ್ಟಿನ ರಾಶಿಯಲ್ಲಿ ಉಳಿಯುವ ಕಾಳುಗಳು ಮಳೆ ಬಿದ್ದೊಡನೆ ಮೊಳೆಯುತ್ತವೆ. ಕೆಲವು ಗಿಡಗಳು ಇರುವೆಗೆಂದೇ ಬೀಜಕ್ಕೆ ತಿನಿಸು ಅಂಟಿಸಿ ಕಳಿಸುತ್ತವೆ. ಹರಳು ಬೀಜದ ತುದಿಯಲ್ಲಿರುವ ಮೆತ್ತನೆಯ ಬಿಳಿ ಗಂಟು ಅಂಥದ್ದು. ಇರುವೆ ಬೀಜವನ್ನು ಗೂಡಿನ ಬಳಿಗೆ ಎಳೆದೊಯ್ದು ಗಂಟನ್ನು ಮಾತ್ರ ಕಡಿದು ತಿಂದು, ಗಟ್ಟಿ ಬೀಜವನ್ನು ಎಸೆಯುತ್ತದೆ; ಎಸೆದ ಜಾಗ ಸಡಿಲ ಮಣ್ಣು, ಗೊಬ್ಬರ ಎರಡೂ ಇರುವ ಜಾಗ. ಹೀಗೆ ಪೊದೆ ಇರುವೆಯನ್ನು ಸಾಕುವಂತೆ ಇರುವೆಯೂ ಮುಂದಿನ ಪೊದೆಯನ್ನು ಬಿತ್ತುತ್ತದೆ. ಗೂಡಿನ ಸುರಂಗಗಳಿಂದ ಮಳೆನೀರು ಆಳಕ್ಕಿಳಿಯುವುದೂ, ಒಳಮಣ್ಣು ಮೇಲಕ್ಕೆ ಬರುವುದೂ ಈ ಲೆಕ್ಕಕ್ಕೇ ಸೇರಬೇಕು.

ನೆರಳು, ಮಣ್ಣು, ಆಹಾರ ಮೂರೂ ಸೇರಿ ಇರುವೆಗಳ ನಡುವಿನ ಪೈಪೋಟಿಯನ್ನು ರೂಪಿಸುತ್ತವೆ. ಅರ್ಜೆಂಟೀನಾದ ಚಾಕೊ ಎಂಬ ಒಣಕಾಡಿನಲ್ಲಿ ಅಭ್ಯಾಸ ಮಾಡಿದ ಬ್ರ್ಯಾಂಡನ್ ಬೆಸ್ಟೆಲ್‌ಮಯರ್ 2000ದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು: ಜಗಳದಲ್ಲಿ ಗೆಲ್ಲುವ ಜಾತಿಗಳಿಗೆ ಕಾವು ತಡೆಯುವ ಶಕ್ತಿ ಕಡಿಮೆ, ಕಾವು ತಡೆಯುವವುಗಳಿಗೆ ಜಗಳದ ಶಕ್ತಿ ಕಡಿಮೆ. ಬಲಿಷ್ಠರು ತಂಪು ಹೊತ್ತನ್ನೂ ತಂಪು ಜಾಗವನ್ನೂ ಹಿಡಿಯುತ್ತಾರೆ; ಉಳಿದವರು ಬಿಸಿಲೇರಿ ಅವರು ಒಳಸೇರಿದ ಮೇಲೆ ಹೊರಡುತ್ತಾರೆ. ಪೊದೆಯೂ ಬಯಲೂ ಅಕ್ಕಪಕ್ಕದಲ್ಲಿದ್ದಾಗ ಇಬ್ಬರಿಗೂ ಜಾಗ ಸಿಗುತ್ತದೆ. ಈ ಕಾರಣದಿಂದ, ಪೊದೆಯಡಿ ಜಾತಿಗಳ ಎಣಿಕೆ ಯಾವಾಗಲೂ ಬಯಲಿಗಿಂತ ಹೆಚ್ಚಿರುತ್ತದೆ ಎಂದು ಊಹಿಸುವುದು ತಪ್ಪು. ಕೆಲವು ಕಡೆ ಹೆಚ್ಚಿರಬಹುದು, ಕೆಲವು ಕಡೆ ಒಂದೇ ಜಾತಿ ಪೊದೆಯನ್ನು ಆಳಿ ಉಳಿದವರನ್ನು ಹೊರಗಟ್ಟಿರಬಹುದು. ಪೊದೆಯ ನಿಜವಾದ ಪರಿಣಾಮವನ್ನು ಎಷ್ಟು ಜಾತಿ ಎಂಬ ಸಂಖ್ಯೆಗಿಂತ ಯಾವ ಯಾವ ಜಾತಿ ಎಂಬ ಪಟ್ಟಿ ಚೆನ್ನಾಗಿ ಹೇಳುತ್ತದೆ.

ಪೊದೆ ಎಂದರೆ ಎಲ್ಲವೂ ಒಂದೇ ಅಲ್ಲ. ಕವಳೆ ಮೆಳೆ ನೆಲದವರೆಗೂ ಮುಳ್ಳುಕೊಂಬೆ ಹರಡುತ್ತದೆ; ಕುರಿಮೇಕೆ ಒಳನುಗ್ಗದ ಕಾರಣ ಅದರಡಿಯ ತರಗು ಕದಡದೆ ಉಳಿಯುತ್ತದೆ. ಅಂಟು ಎಲೆಯ ಬಂದರೆ ನೆಟ್ಟಗೆ ಬೆಳೆಯುತ್ತದೆ, ಅದರ ನೆರಳು ತೆಳು, ಬುಡ ಬಯಲಿಗೆ ತೆರೆದಿರುತ್ತದೆ. ಎಕ್ಕ ಬಿಡಿಬಿಡಿಯಾಗಿ ನಿಂತು ಸಕ್ಕರೆ ಕೊಡುತ್ತದೆ, ತರಗು ಕೊಡುವುದು ಕಡಿಮೆ. ಎಲಚಿ, ಕಾರೆಗಳ ಉದುರಿದ ಹಣ್ಣು ಕೆಲವು ವಾರ ಇರುವೆಗಳಿಗೆ ಹಬ್ಬ. ಗಿಡದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ: ಎರಡು ವರ್ಷದ ತಂಗಡಿಯ ಬುಡದಲ್ಲಿ ದಿಬ್ಬವಾಗಲಿ ತರಗಾಗಲಿ ಇನ್ನೂ ಕೂಡಿರುವುದಿಲ್ಲ, ಹಳೆಯ ಮೆಳೆಯ ಬುಡ ಹತ್ತಾರು ವರ್ಷಗಳ ಗಳಿಕೆ. ಕಡಿದು ಮತ್ತೆ ನೆಟ್ಟರೆ ಗಿಡ ಬರುತ್ತದೆ, ಆ ಗಳಿಕೆ ಕೂಡಲೇ ಬರುವುದಿಲ್ಲ.

ಬಳ್ಳಾರಿ ಜಾಲಿಯ ಕತೆ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ಮೂಲತಃ ಅಮೆರಿಕ ಖಂಡದ ಈ ಗಿಡವನ್ನು ಸೌದೆಗಾಗಿ 1877ರ ಸುಮಾರಿಗೆ ಕಡಪದ ಕಡೆ ತಂದು ಬೆಳೆಸಿದರು. ಇಂದು ಕೆರೆಯಂಗಳ, ರಸ್ತೆಬದಿ, ಬೀಳುಗಳನ್ನೆಲ್ಲ ಅದು ತುಂಬಿದೆ. ಅದರ ಎಲೆಯಲ್ಲೂ ಸಿಹಿಗ್ರಂಥಿಗಳಿವೆ, ಕೊಂಬೆಯಲ್ಲಿ ರಸ ಹೀರುವ ಕೀಟಗಳಿವೆ, ನೆರಳಿದೆ. ಹಾಗಾದರೆ ಇರುವೆಗೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಗೊದ್ದದಂಥ ಕೆಲವು ಜಾತಿಗಳಿಗೆ ಒಳ್ಳೆಯದೇ. ಆದರೆ ಅದು ಬಿಡಿ ಪೊದೆಯಾಗಿ ನಿಲ್ಲದೆ ಕೊಂಬೆಗೆ ಕೊಂಬೆ ಕೂಡಿಸಿ ನೆಲವನ್ನೇ ಮುಚ್ಚುತ್ತದೆ. ಅದರಡಿ ಹುಲ್ಲು ನಶಿಸುತ್ತದೆ, ಹುಲ್ಲಿನ ಜೊತೆ ಬೀಜ ಹೋಗುತ್ತದೆ, ಬೀಜದ ಜೊತೆ ಅದನ್ನು ನಂಬಿದ ಇರುವೆಗಳು ಹೋಗುತ್ತವೆ. ಹಗಲಿನ ಬಿಸಿಲನ್ನು ನೆಚ್ಚಿದ ಹೊಂಬಣ್ಣದ ಇರುವೆಗೂ ಅಲ್ಲಿ ಬಯಲು ಉಳಿಯುವುದಿಲ್ಲ. ಹಸಿರು ಹೆಚ್ಚಿತು, ಇರುವೆಗಳ ವೈವಿಧ್ಯ ಕುಗ್ಗಿತು ಎಂಬ ಸ್ಥಿತಿ ಹೀಗೆ ಒದಗುತ್ತದೆ.

ಕಾಲಮಾನವೂ ಈ ನಕ್ಷೆಯನ್ನು ಬದಲಿಸುತ್ತಿರುತ್ತದೆ. ಬೇಸಿಗೆಯಲ್ಲಿ ಪೊದೆಗೂ ಬಯಲಿಗೂ ಇರುವ ಅಂತರ ಅತಿ ಹೆಚ್ಚು. ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಬಯಲೆಲ್ಲ ಹುಲ್ಲು ಮುಚ್ಚಿ, ನೆಲ ತಣಿದು, ಪೊದೆಯಡಿಯ ಇರುವೆಗಳೂ ಹೊರಬಂದು ಬೇಟೆಯಾಡುತ್ತವೆ. ಮುಂಗಾರಿನ ಮೊದಲ ಹದಮಳೆಗಳ ಬಳಿಕ ರೆಕ್ಕೆ ಮೂಡಿದ ಗಂಡು ಹೆಣ್ಣುಗಳು ಗೂಡಿನಿಂದ ಏಳುತ್ತವೆ. ಕೂಡಿದ ಹೆಣ್ಣು ನೆಲಕ್ಕಿಳಿದು, ರೆಕ್ಕೆ ಉದುರಿಸಿ, ತಾನೊಂದೇ ಗುಳಿ ತೋಡಿ ಹೊಸ ಸಂಸಾರ ಹೂಡುತ್ತದೆ. ಹೂಡಲು ಸಿಕ್ಕಿದ್ದು ಮೆತ್ತನೆಯ ಮಣ್ಣೋ ಹೆಪ್ಪುಗಟ್ಟಿದ ನೆಲವೋ, ನೆರಳೋ ಬಿಸಿಲೋ, ಪಕ್ಕದಲ್ಲಿ ಹಳೆಯ ಬಲಿಷ್ಠ ಗೂಡಿದೆಯೋ ಎಂಬುದರ ಮೇಲೆ ಮುಂದಿನ ಹತ್ತು ಹದಿನೈದು ವರ್ಷ ಆ ಜಾಗದ ಇರುವೆ ಯಾವುದೆಂಬುದು ನಿಂತಿದೆ. ಅಂಥ ಸಾವಿರಾರು ಹೆಣ್ಣುಗಳಲ್ಲಿ ಬದುಕಿ ಗೂಡು ಕಟ್ಟುವವು ಬೆರಳೆಣಿಕೆಯಷ್ಟು.

ಈ ಸಂಗತಿಗಳನ್ನು ಪರೀಕ್ಷಿಸಲು ದುಬಾರಿ ಸಲಕರಣೆ ಬೇಕಿಲ್ಲ. ಬಾಯಿ ನೆಲದ ಮಟ್ಟಕ್ಕೆ ಬರುವಂತೆ ಲೋಟವೊಂದನ್ನು ಹೂತು, ತಳದಲ್ಲಿ ಸ್ವಲ್ಪ ಸಾಬೂನು ನೀರು ಹಾಕಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಓಡಾಡುವ ಇರುವೆಗಳು ಬೀಳುತ್ತವೆ.  ಪ್ರತಿ ಪೊದೆಯಡಿಯ ಲೋಟಕ್ಕೂ ಪಕ್ಕದ ಬಯಲಿನಲ್ಲಿ ಒಂದು ಜೋಡಿ ಲೋಟ ಇರಬೇಕು. ಜೋಡಿ ಇಲ್ಲದ ಲೆಕ್ಕ ಏನನ್ನೂ ಹೇಳುವುದಿಲ್ಲ. ತರಗಿನಲ್ಲಿ ಇರುವೆಗಳ ನಡಿಗೆ ನಿಧಾನವಾದ್ದರಿಂದ ಲೋಟಕ್ಕೆ ಬೀಳುವುದು ಕಡಿಮೆ, ಆದಕಾರಣ ತರಗನ್ನು ಜರಡಿ ಹಿಡಿದು ನೋಡುವುದೂ ಅಗತ್ಯ. ಬೆಲ್ಲದ ಚೂರು, ಒಣಮೀನಿನ ಚೂರು ಇಟ್ಟು ಯಾವ ಹೊತ್ತಿಗೆ ಯಾವ ಇರುವೆ ಬರುತ್ತದೆ, ಯಾರು ಯಾರನ್ನು ಓಡಿಸುತ್ತಾರೆ ಎಂದು ಗಮನಿಸಬಹುದು. ಭಾರತದಲ್ಲಿ ಎಂಟುನೂರಕ್ಕೂ ಹೆಚ್ಚು ಬಗೆಯ ಇರುವೆಗಳು ದಾಖಲಾಗಿವೆ. ದಕ್ಷಿಣದವನ್ನು ಗುರುತಿಸಲು ಅಜಯ್ ನರೇಂದ್ರ ಮತ್ತು ಎಂ. ಸುನಿಲ್ ಕುಮಾರ್ 2006ರಲ್ಲಿ ಹೊರತಂದ ಕೈಪಿಡಿ ಇದೆ. ಹೈಸ್ಕೂಲಿನ ಮಕ್ಕಳು ಶಾಲೆಯ ಹಿಂದಿನ ಬೀಳಿನಲ್ಲೇ ಮಾಡಬಹುದಾದ ಕೆಲಸವಿದು. ಮುಗಿದ ಮೇಲೆ ಲೋಟಗಳನ್ನು ಕಿತ್ತು ಗುಳಿ ಮುಚ್ಚುವುದನ್ನು ಮರೆಯಬಾರದು.

ಇಂಥ ನೆಲ ಈ ಭಾಗದಲ್ಲಿ ವೇಗವಾಗಿ ಬದಲಾಗುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿದೆ. ಫಲಕಗಳೂ ನೆರಳು ಕೊಡುತ್ತವೆ, ಆದರೆ ತರಗು, ಬೇರು, ಸಿಹಿಗ್ರಂಥಿ ಕೊಡುವುದಿಲ್ಲ. ಪೊದೆಯಿಂದ ಇರುವೆಗೆ ಸಿಗುವುದರಲ್ಲಿ ನೆರಳಿನ ಪಾಲು ಎಷ್ಟು, ಉಳಿದವುಗಳ ಪಾಲು ಎಷ್ಟು ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಸಂರಕ್ಷಣೆಯ ಕಡೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಮನ್ನಣೆ ಸಿಕ್ಕಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ವನ್ಯಧಾಮ ಘೋಷಣೆಯಾಯಿತು. ಎರಡೂ ಹುಲ್ಲೆಜಾತಿಯ ಪ್ರಾಣಿಗಳ ಹೆಸರಿನಲ್ಲಿ ಉಳಿದ ನೆಲ, ಇರುವೆಗಳಿಗೂ ಅಷ್ಟೇ ಬೇಕಾದ ನೆಲ.

ಉಳಿದ ಗೋಮಾಳ, ಬೀಳು, ಬದುಗಳಿಗೆ ಅಂಥ ಹೆಸರಿನ ರಕ್ಷೆಯಿಲ್ಲ. ಅವು ಪಾಳುಭೂಮಿ ಎಂದೇ ದಾಖಲೆಗಳಲ್ಲಿ ಸೇರಿರುವುದರಿಂದ ಒಂದೋ ಸವರಿ ಬರಿದು ಮಾಡುತ್ತಾರೆ, ಇಲ್ಲವೇ ಸಾಲಾಗಿ ಗುಂಡಿ ತೋಡಿ ಒಂದೇ ಜಾತಿಯ ಸಸಿ ನೆಡುತ್ತಾರೆ. ಎರಡರಲ್ಲೂ ಪೊದೆ ಮತ್ತು ಬಯಲಿನ ಬೆರಕೆ ಅಳಿಯುತ್ತದೆ. ಹೊಲದ ಬದು ಸವರುವ ರೈತರು ತಂಗಡಿ, ಕವಳೆ, ಕಾರೆಗಳಲ್ಲಿ ಹಳೆಯ ಕೆಲವನ್ನಾದರೂ ಬುಡದ ತರಗಿನ ಸಮೇತ ಬಿಡಬೇಕು. ಗಿಡ ನೆಡಿಸುವ ಗ್ರಾಮ ಪಂಚಾಯಿತಿಗಳು, ಅರಣ್ಯ ಸಿಬ್ಬಂದಿ ಗುಂಡಿ ತೆಗೆಸುವ ಮುನ್ನ ಆ ಬೀಳನ್ನು ಒಮ್ಮೆ ನಡೆದು ನೋಡಿ, ಇರುವ ಪೊದೆಗಳನ್ನೂ ಅವುಗಳ ನಡುವಿನ ಬರಿನೆಲವನ್ನೂ ಹಾಗೆಯೇ ಉಳಿಸಬೇಕು.